ವಿಮಾನಕ್ಕೊಂದು ಕೊಡೆ

ಕಳಸದ ಸುಬ್ಬಯ್ಯ ಮೇಷ್ಟ್ರ ಮಗ ವೆಂಕಟರಾಮ ವಿಮಾನ ಹಾರಿಸುತ್ತಾನೆ ಎಂಬ ಮಾತನ್ನು ಆ ಸೀಮೆಯಲ್ಲಿ ಬಹಳ ಜನ ನಂಬಿರಲಿಲ್ಲ. ಬಸ್ ಓಡಿಸುವವನನ್ನೇ ಬೆರಗಿನಿಂದ ನೋಡುತ್ತಿದ್ದ ಕಾಲ ಅದು. ಬೆಂಗಳೂರಿಗೆ ಓದಲು ಹೋದ ಹುಡುಗ ಯುದ್ಧ ಶುರುವಾದ ಮೇಲೆ ವಾಯುದಳ ಸೇರಿದ್ದು ನಿಜ. ಆದರೆ ಅಲ್ಲಿ ಅವನು ವಿಮಾನ ತೊಳೆಯುವ ಕೆಲಸ ಮಾಡುತ್ತಿರಬೇಕು ಎಂದು ಬಸ್ ಏಜೆಂಟ್ ಓಂಕಾರಮೂರ್ತಿ ನಗಾಡುತ್ತಿದ್ದ. ಆ ನಗೆ ವೆಂಕಟರಾಮನ ಕಿವಿಗೂ ಬಿದ್ದಿತ್ತು. ೧೯೪೨ರ ಮಾರ್ಚಿನಲ್ಲಿ ತಂಗಿ ಸುಭದ್ರೆಯ ಮದುವೆ ಗೊತ್ತಾಯಿತು. ರಜೆ ಸಿಗುವುದಿಲ್ಲ ಎಂದು ಖಚಿತವಾದಾಗ ಅವನಿಗೊಂದು ಯೋಚನೆ ಬಂತು. ಬೆಂಗಳೂರಿನಿಂದ ಕಡಲ ಕಾವಲಿಗೆ ಹೋಗುವ ವಿಮಾನ ಹೇಗೂ ಮಲೆನಾಡಿನ ಮೇಲೆ ಹಾದುಹೋಗುತ್ತದೆ. ಸ್ವಲ್ಪ ಬಡಗಲಿಗೆ ತಿರುಗಿಸಿದರೆ ಕಳಸ. ಉಡುಗೊರೆಯ ಗಂಟನ್ನು ಮನೆಯ ಹಿಂದಿನ ಗದ್ದೆಗೆ ಮೇಲಿನಿಂದಲೇ ಹಾಕಿಬಿಡಬಹುದು. ಊರಿಗೆ ಊರೇ ತಲೆಯೆತ್ತಿ ನೋಡುತ್ತದೆ.

ಅವನ ವಿಮಾನದಲ್ಲಿ ಇಬ್ಬರು ಕೂರಬಹುದಿತ್ತು. ಮುಂದೆ ಹಾರಿಸುವವನು, ಅವನ ಬೆನ್ನ ಹಿಂದೆ, ಇನ್ನೊಂದು ಇಕ್ಕಟ್ಟಾದ ಗುಂಡಿಯಲ್ಲಿ, ಮೆಷಿನ್‌ಗನ್ ಹಿಡಿದ ಗನ್ನರ್. ಇಬ್ಬರ ತಲೆಯ ಮೇಲೂ ಮುಚ್ಚಿಗೆಯಿಲ್ಲ. ವೆಂಕಟರಾಮನ ಗನ್ನರ್ ಬಸವರಾಜು ಕೂಡ ಇದೇ ಜಿಲ್ಲೆಯವನು. ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿಯಾಗಿದ್ದ ಲಕ್ಕಯ್ಯನ ಒಬ್ಬನೇ ಮಗ. ಎಸ್ಟೇಟಿನ ಲಾರಿ ರಿಪೇರಿ ಕಲಿತು, ಅಲ್ಲಿಂದ ಸೈನ್ಯಕ್ಕೆ ಸೇರಿ, ವಾಯುದಳಕ್ಕೆ ಬಂದಿದ್ದ. ದೂರದ ಊರುಗಳ ಜನರ ನಡುವೆ ತನ್ನ ಸೀಮೆಯ ಮಾತಾಡುವ ಒಬ್ಬನಿದ್ದಾನೆ ಎಂದು ವೆಂಕಟರಾಮನಿಗೆ ಅವನನ್ನು ಕಂಡರೆ ಇಷ್ಟ.

ಆ ಬೆಳಿಗ್ಗೆ ವೆಂಕಟರಾಮ ಹೊತ್ತು ತಂದ ಗಂಟು ನೋಡಿ ಬಸವರಾಜು ನಕ್ಕ. ತಂಗಿಗೆ ರೇಷ್ಮೆ ಸೀರೆ, ತಾಯಿಗೆ ಉಣ್ಣೆಯ ಶಾಲು, ಅಪ್ಪನ ಶಾಲೆಗೆ ಒಂದು ದೊಡ್ಡ ಭೂಪಟ. ಬಿದ್ದಾಗ ಹಾಳಾಗದಿರಲೆಂದು ಸುತ್ತ ಹುಲ್ಲು ತುಂಬಿ, ಎರಡು ಕಂಬಳಿ ಸುತ್ತಿ ಹಗ್ಗ ಬಿಗಿದದ್ದರಿಂದ ಅದು ಗೋಣಿಮೂಟೆಯಷ್ಟಾಗಿತ್ತು.

“ಇದನ್ನ ಎಲ್ಲಿ ಇಡದು ಸಾರ್? ನಾನು ಕೂರಬೇಕೋ, ಗಂಟು ಕೂರಬೇಕೋ?”

“ನಿನ್ನ ಪ್ಯಾರಾಚೂಟ್ ಇಡೋ ಗೂಡಿದೆಯಲ್ಲ, ಅದರಲ್ಲಿ ಸರಿಯಾಗಿ ಹಿಡಿಸತ್ತೆ.”

ಪೈಲಟ್‌ನ ಪ್ಯಾರಾಚೂಟು ಅವನ ಆಸನದ ಮೆತ್ತೆಯೇ ಆಗಿತ್ತು. ಅದರ ಮೇಲೇ ಕೂರುತ್ತಿದ್ದುದರಿಂದ ಮರೆಯುವ ಪ್ರಶ್ನೆಯೇ ಇರಲಿಲ್ಲ. ಗನ್ನರ್ ಏಳಬೇಕು, ತಿರುಗಬೇಕು. ಅದಕ್ಕಾಗಿ ಅವನದನ್ನು ಪಕ್ಕದ ಗೂಡಿನಲ್ಲಿಟ್ಟಿರುತ್ತಿದ್ದರು. ಅಪಾಯ ಬಂದರೆ ಅದನ್ನು ತೆಗೆದು ಎದೆಗೆ ಸಿಕ್ಕಿಸಿಕೊಂಡು ಹಾರಬೇಕು.

“ಅದಿಲ್ದೆ ಹೋಗದಾ ಸಾರ್?”

“ಇವತ್ತೊಂದಿನ ಮಾರಾಯ. ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ಬಿಚ್ಚಿದೀಯಾ ಅದನ್ನ?”

“ಬಿಚ್ಚಿಲ್ಲ.”

“ಮತ್ತೆ?”

ಬಸವರಾಜು ಗೂಡಿನ ಕಡೆ ನೋಡಿದ. ಹೇಳಿದವನು ಅಧಿಕಾರಿ, ಅದೂ ಸ್ನೇಹದಿಂದ ಹೇಳಿದ್ದು. ಅವನು ತನ್ನ ಪ್ಯಾರಾಚೂಟನ್ನು ತೆಗೆದು ಶೆಡ್ಡಿನೊಳಗಿನ ಬೆಂಚಿನ ಮೇಲಿಟ್ಟು ಬಂದ. ಗಂಟನ್ನು ಗೂಡಿಗೆ ತುರುಕಿದ.

ಕಾಫಿ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ಚಿಕ್ಕಮಗಳೂರು ದಾಟುತ್ತಿದ್ದಂತೆ ಕೆಳಗಿನ ತೋಟಗಳೆಲ್ಲ ಕಾಫಿ ಹೂ ಬಿಟ್ಟು ಮರಗಳ ಸಂದಿಯಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಇಬ್ಬರ ನಡುವೆ ಮಾತಿಗಿದ್ದ ರಬ್ಬರ್ ಕೊಳವೆಯಲ್ಲಿ ಬಸವರಾಜುವಿನ ದನಿ ಕೇಳಿಸಿತು.

“ಸಾರ್, ಅಗೋ ಎಡಗಡೆ ನಮ್ಮ ತೋಟ. ಒಂದು ಸುತ್ತು ಹಾಕ್ತೀರಾ? ಅವ್ವ ಈ ಹೊತ್ತಲ್ಲಿ ಹೊರಗೇ ಇರ್ತಾಳೆ.”

“ವಾಪಸ್ ಬರ್ತಾ ಹಾಕಣ. ಈಗ ತಡ ಆಗತ್ತೆ.”

ಕಳಸದ ಮೇಲೆ ಮಾತ್ರ ಅವನು ತಡವನ್ನು ಲೆಕ್ಕಿಸಲಿಲ್ಲ. ದೇವಸ್ಥಾನದ ಗುಡ್ಡ ಸುತ್ತಿ, ಪೇಟೆಯ ಹಂಚುಗಳು ನಡುಗುವಷ್ಟು ಕೆಳಗಿಳಿದ. ಜನ ಅಂಗಡಿಗಳಿಂದ ಹೊರಗೋಡಿ ಬಂದರು. ಮನೆಯ ಹಿಂದೆ, ಭದ್ರಾ ಹೊಳೆಯ ದಡದ ಗದ್ದೆಗೆ ಸುಭದ್ರೆ ಓಡಿಬಂದು ಸೆರಗು ಬೀಸುತ್ತಿದ್ದಳು. ಬಸವರಾಜು ಎದ್ದು ನಿಂತು, ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಾಕಿದ. ಅದು ಗದ್ದೆಯ ನಡುವಿಗೇ ಬಿತ್ತು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಬಸ್ ಸ್ಟ್ಯಾಂಡಿನವರು ಸರಿಯಾಗಿ ನೋಡಿದರೋ ಇಲ್ಲವೋ ಎಂದು ವೆಂಕಟರಾಮ ಇನ್ನೊಂದು ಸುತ್ತು ಹಾಕಿದ, ಮೊದಲಿಗಿಂತ ಕೆಳಗೆ. ಆಮೇಲೆ ಘಟ್ಟ ದಾಟಲೆಂದು ಇಂಜಿನ್ನನ್ನು ಪೂರ್ತಿ ದುಡಿಸಿ ಮೇಲೇರಿದ.

ಸಂಸೆಯ ಗುಡ್ಡಗಳ ಮೇಲೆ ಸಾಕಷ್ಟು ಎತ್ತರಕ್ಕೆ ಏರಿದ್ದಾಗ ಇಂಜಿನ್ನಿನಲ್ಲಿ ಏನೋ ಒಡೆದ ಸದ್ದಾಯಿತು. ಬಿಸಿ ಎಣ್ಣೆ ಮುಖಕ್ಕೆ ಹಾರಿತು. ಅದರ ಹಿಂದೆಯೇ ಹೊಗೆ, ಹೊಗೆಯ ಹಿಂದೆ ಬೆಂಕಿ. ತರಬೇತಿಯಲ್ಲಿ ಎಷ್ಟೋ ಸಲ ಕಲಿಸಿದ್ದ ಮಾತು ಅವನ ಬಾಯಿಂದ ತಾನಾಗಿ ಬಂತು.

“ಹಾರು ಬಸವರಾಜು, ಹಾರು.”

ಕೊಳವೆಯಲ್ಲಿ ಉತ್ತರ ಬಂತು. “ಸಾರ್, ನಾನು?”

ಬಸವರಾಜು ಕೂಗಲಿಲ್ಲ. ಅರ್ಥವಾಗದ್ದನ್ನು ಇನ್ನೊಮ್ಮೆ ಕೇಳುವವನಂತೆ ಕೇಳಿದ. ಆಗ ವೆಂಕಟರಾಮನಿಗೆ ಬೆಂಚಿನ ಮೇಲೆ ಬಿಟ್ಟುಬಂದದ್ದು ನೆನಪಾಯಿತು. ಎಡಗಡೆ ಒಂದು ಗುಡ್ಡದ ನೆತ್ತಿಯಲ್ಲಿ ಮರವಿಲ್ಲದೆ ಬರೀ ಹುಲ್ಲಿತ್ತು. ಅಲ್ಲಿಗೆ ಇಳಿಸಲು ನೋಡಬಹುದಾಗಿತ್ತು. ಇಳಿಯುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೆಂಕಿ ಅವನ ಕೈಗವಸಿಗೆ ತಗುಲಿತು. ಅವನು ಎದ್ದು ನಿಂತು ಹಾರಿಬಿಟ್ಟ.

ಪ್ಯಾರಾಚೂಟು ಮರವೊಂದಕ್ಕೆ ಸಿಕ್ಕಿಕೊಂಡಿತ್ತು. ಹತ್ತಿರದ ತೋಟದ ಆಳುಗಳು ಅವನನ್ನು ಇಳಿಸಿ, ಉಳುಕಿದ ಕಾಲಿಗೆ ಸೊಪ್ಪು ಕಟ್ಟಿದರು. ಹೊಗೆ ಕಂಡ ಕಡೆ ಓಡಿಹೋಗಿದ್ದವರು ಬಹಳ ಹೊತ್ತಿನ ಮೇಲೆ ಮರಳಿದರು. ಅವರಲ್ಲಿ ಹಿರಿಯನಾಗಿದ್ದ ಕೆಂಪಯ್ಯ ಎಂಬವನು ತಲೆಯ ವಸ್ತ್ರ ತೆಗೆದು ಹೇಳಿದ: “ಇನ್ನೊಬ್ರು ಉಳಿದಿಲ್ಲ ಸ್ವಾಮಿ. ನಿಮಗೆ ನಡೆಯಕ್ಕಾಗಲ್ಲ, ನೋಡದೂ ಬೇಡ.” ವೆಂಕಟರಾಮ ಆ ಮಾತನ್ನೇ ಹಿಡಿದುಕೊಂಡ. ನಡೆಯಲಾಗುವುದಿಲ್ಲ, ಹಾಗಾಗಿ ನೋಡಲಿಲ್ಲ.

ಕಳಸದಲ್ಲಿ ಅವನನ್ನು ಕಂಬಳಿಯ ಡೋಲಿಯಿಂದ ಇಳಿಸುವಾಗ ಪೇಟೆ ತುಂಬ ಜನ. ನಗುತ್ತಿದ್ದ ಓಂಕಾರಮೂರ್ತಿಯೇ ಹಾರ ತಂದಿದ್ದ. ದೇವಸ್ಥಾನದಲ್ಲಿ ವಿಶೇಷ ಪೂಜೆಯಾಯಿತು. ತಾಯಿ ಕೃಷ್ಣಮ್ಮ ಅವನ ದೃಷ್ಟಿ ತೆಗೆದು, ಸುಟ್ಟ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಅತ್ತಳು. ಆಕಾಶದಿಂದ ಬದುಕಿ ಬಂದವನನ್ನು ನೋಡಲು ಹೊರನಾಡು, ಬಾಳೆಹೊಳೆಗಳಿಂದ ಜನ ಬರುತ್ತಿದ್ದರು. ಹುಡುಗರು ಮುಟ್ಟಿ ನೋಡುತ್ತಿದ್ದರು. ಇನ್ನೊಬ್ಬನ ವಿಚಾರ ಬಂದರೆ, “ಅವನ ಋಣ ಅಷ್ಟೇ ಇತ್ತು” ಎಂದು ಯಾರಾದರೂ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ವೆಂಕಟರಾಮ ಕಾಲು ನೋಯುತ್ತಿದೆ ಎಂದು ಒಳಗೆ ಹೋಗಿ ಮಲಗುತ್ತಿದ್ದ.

ವಿಚಾರಣೆಗೆ ಬಂದ ಇಂಗ್ಲಿಷ್ ಅಧಿಕಾರಿ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಿದ್ದ. ವಯಸ್ಸಾದವನು, ಮೃದು ಮಾತಿನವನು. ಕಳಸದ ಮೇಲೆ ಯಾಕೆ ಬಂದೆ ಎಂದು ಕೇಳಿದ. ಮೋಡ ತಪ್ಪಿಸಲು ಎಂದು ವೆಂಕಟರಾಮ ಹೇಳಿದ. ಆಮೇಲೆ ಅಧಿಕಾರಿ ಕೇಳಿದ: “ನಿನ್ನ ಗನ್ನರ್‌ನ ಪ್ಯಾರಾಚೂಟು ಶೆಡ್ಡಿನ ಬೆಂಚಿನ ಮೇಲೆ ಸಿಕ್ಕಿದೆ. ಯಾಕೆ ಬಿಟ್ಟುಹೋದ?”

ಸುಳ್ಳು ಹೇಳಬೇಕೆಂದು ವೆಂಕಟರಾಮ ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿ ತಾನಾಗಿ ಆಡಿತು.

“ಮರೆತಿರಬೇಕು ಸರ್. ನಾನು ನೋಡಬೇಕಿತ್ತು. ಅವಸರದಲ್ಲಿದ್ದೆ.”

ಅಧಿಕಾರಿ ತಲೆಯಾಡಿಸಿದ. “ಅದು ನಿನ್ನ ಕೆಲಸವಲ್ಲ. ಅವರವರದನ್ನು ಅವರವರೇ ನೋಡಿಕೊಳ್ಳಬೇಕು. ನೊಂದುಕೊಳ್ಳಬೇಡ,” ಎಂದು ಅವನ ಭುಜ ತಟ್ಟಿದ. ತಟ್ಟಿದ ಜಾಗ ಮನೆ ಮುಟ್ಟುವವರೆಗೂ ಉರಿಯುತ್ತಿರುವಂತೆ ವೆಂಕಟರಾಮನಿಗೆ ಅನಿಸಿತು.

ಕೆಲವು ದಿನಗಳ ಮೇಲೆ, ಅವನು ಕೋಲು ಹಿಡಿದು ನಡೆಯುವಂತಾಗಿದ್ದಾಗ, ಮನೆಯ ಮುಂದೆ ಇಬ್ಬರು ಬಂದು ನಿಂತರು. ಗಂಡಸು ಹಳೆಯ ಖಾಕಿ ಕೋಟು ಹಾಕಿ, ರುಮಾಲು ಸುತ್ತಿದ್ದ. ಹೆಂಗಸು ಅವನ ಹಿಂದೆ, ಬೇಲಿಯ ಪಕ್ಕ ನಿಂತಿದ್ದಳು.

“ಮೇಷ್ಟ್ರ ಮನೆ ಇದೇನಾ? ನಾನು ಆಲ್ದೂರು ಕಡೆಯ ಲಕ್ಕಯ್ಯ. ಬಸವರಾಜು ನಮ್ಮ ಹುಡುಗ.”

ಸುಬ್ಬಯ್ಯ ಮೇಷ್ಟ್ರು ಎದ್ದು ಬಂದು ಇಬ್ಬರನ್ನೂ ಜಗಲಿಗೆ ಕರೆದರು. ಲಕ್ಕಯ್ಯ ಜಗಲಿಯ ಅಂಚಿನಲ್ಲಿ ಕೂತ. ಅವನ ಹೆಂಡತಿ ಸಿದ್ದಮ್ಮ ಕೂರಲಿಲ್ಲ. ಕಂಬ ಹಿಡಿದು ನಿಂತೇ ಇದ್ದಳು. ಹಿಂದಿನ ದಿನ ಸಂಸೆಗೆ ಹೋಗಿ, ಮಗ ಬಿದ್ದ ಜಾಗ ನೋಡಿ, ಅಲ್ಲಿ ಆಳುಗಳು ಪೇರಿಸಿದ್ದ ಕಲ್ಲಿಗೆ ಹಾಲೆರೆದು ಬಂದಿದ್ದರು.

“ನಿಮ್ಮನ್ನ ನೋಡ್ಕೊಂಡು ಹೋಗಣ ಅಂತ ಬಂದ್ವಿ ಸ್ವಾಮಿ,” ಎಂದ ಲಕ್ಕಯ್ಯ. “ಅವನ ಜೊತೆ ಕಡೆಗೆ ಇದ್ದೋರು ನೀವು. ಊರಿಗೆ ಬಂದಾಗೆಲ್ಲ ನಿಮ್ಮ ಸುದ್ದಿನೇ ಹೇಳ್ತಿದ್ದ.”

ಕೃಷ್ಣಮ್ಮ ಕಾಫಿ ತಂದಿಟ್ಟಳು. ಯಾರೂ ಅದನ್ನು ಮುಟ್ಟಲಿಲ್ಲ.

“ಸೈನ್ಯದೋರು ತೋಟಕ್ಕೆ ಬಂದು ಹೇಳಿದ್ರು. ಕೊಡೆ ತಗೊಂಡು ಹೋಗದು ಮರೆತನಂತೆ. ಅವನದೇ ತಪ್ಪಂತೆ. ತೋಟದಲ್ಲೆಲ್ಲ ಅದೇ ಮಾತು. ಮೇಸ್ತ್ರಿ ಮಗ ಮರೆತು ಸತ್ತ ಅಂತ.” ಲಕ್ಕಯ್ಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟ. “ನಮಗೆ ಓದು ಬರಲ್ಲ. ಒಂದು ಮಾತು ಕೇಳ್ತೀನಿ, ತಪ್ಪಾದ್ರೆ ಬೈಬೇಡಿ. ಆ ಕೊಡೇನ ಮನುಷ್ಯರಿಗೆ ಕಟ್ಟೋ ಬದಲು ವಿಮಾನಕ್ಕೇ ಕಟ್ಟಬಾರದಾ? ಬೆಂಕಿ ಬಿತ್ತು, ಇಂಜಿನ್ ನಿಂತೋಯ್ತು ಅಂದ್ರೆ ಅದು ಬಿಚ್ಕಬೇಕು. ಒಳಗಿದ್ದೋರೆಲ್ಲ ಒಟ್ಟಿಗೆ ಇಳೀಬೇಕು.”

ವೆಂಕಟರಾಮನಿಗೆ ಉಸಿರು ಬಂದಂತಾಯಿತು. ಇದು ಉತ್ತರ ಗೊತ್ತಿರುವ ಪ್ರಶ್ನೆ. ಅವನು ಮುಂದಕ್ಕೆ ಬಾಗಿ, ಕೈಯಾಡಿಸುತ್ತ, ತರಗತಿಯಲ್ಲಿ ಪಾಠ ಹೇಳುವವನಂತೆ ವಿವರಿಸತೊಡಗಿದ.

“ಕಷ್ಟ ಲಕ್ಕಯ್ಯ. ಒಬ್ಬ ಮನುಷ್ಯನ ಭಾರ ತಡೆಯಕ್ಕೇ ಈ ಅಂಗಳದಷ್ಟು ಬಟ್ಟೆ ಬೇಕು. ವಿಮಾನ ಅಂದ್ರೆ ಅಂಥ ಎಷ್ಟೋ ಜನರ ಭಾರ. ಹಿಂದಿನ ಗದ್ದೆ ಇಡೀ ಮುಚ್ಚುವಷ್ಟು ರೇಷ್ಮೆ ಬೇಕಾಗತ್ತೆ.”

“ಒಂದೇ ದೊಡ್ಡದು ಬೇಡ. ಚಿಕ್ಕಚಿಕ್ಕವು, ರೆಕ್ಕೆಗೆರಡು, ಬಾಲಕ್ಕೊಂದು?”

“ಒಂದಕ್ಕೊಂದು ಸುತ್ತಿಕೊಳ್ತವೆ. ಒಂದು ಮೊದಲು ಬಿಚ್ಚಿದ್ರೆ ವಿಮಾನ ಆ ಕಡೆಗೇ ಮಗುಚತ್ತೆ. ಆ ವೇಗಕ್ಕೆ ಹಗ್ಗ ತಡೆಯಲ್ಲ.”

“ಗಟ್ಟಿ ಹಗ್ಗ ಹಾಕಿದ್ರೆ?”

“ಅದರ ಭಾರ ಹೊತ್ತು ವಿಮಾನವೇ ಮೇಲೇಳಲ್ಲ.”

“ಯಾರೂ ಮಾಡಿ ನೋಡೇ ಇಲ್ವಾ ಸ್ವಾಮಿ?”

“ಅಮೆರಿಕದಲ್ಲಿ ಒಂದು ಸಣ್ಣ ವಿಮಾನಕ್ಕೆ ಕಟ್ಟಿ ನೋಡಿದಾರಂತೆ. ಇಳೀತಂತೆ ಕೂಡ. ಯುದ್ಧದ ವಿಮಾನಕ್ಕೆ ಆಗಲ್ಲ. ಮುಂದೆ ಯಾವತ್ತಾದ್ರೂ ಆಗಬಹುದು.”

ಲಕ್ಕಯ್ಯ ಇದನ್ನೆಲ್ಲ ಬಹಳ ಗಮನವಿಟ್ಟು ಕೇಳಿದ. ಕೊನೆಗೆ ನಿಧಾನವಾಗಿ ತಲೆಯಾಡಿಸಿದ.

“ಆಗಬೇಕು ಸ್ವಾಮಿ. ಹಂಗೇನಾದ್ರೂ ಆದ್ರೆ ಮರೆತೋನೂ ಉಳೀತಾನೆ.”

ವೆಂಕಟರಾಮನ ಎತ್ತಿದ ಕೈ ಹಾಗೇ ನಿಂತಿತು. ತಾನು ಇಷ್ಟು ಹೊತ್ತು ಉತ್ಸಾಹದಿಂದ ಮಾತಾಡಿದ್ದು, ಹಗ್ಗ, ಭಾರ, ವೇಗ ಎಂದು ಅಡಗಿಕೊಂಡದ್ದು, ಯಾರ ಮುಂದೆ ಎಂದು ಆಗ ಅರಿವಾಯಿತು. ಈಗಲೇ ಹೇಳಬೇಕು ಅನಿಸಿತು. ಪಕ್ಕದಲ್ಲಿ ಅಪ್ಪ ಕೂತಿದ್ದರು, ಬಾಗಿಲಲ್ಲಿ ಅಮ್ಮ. ಅವನು ಕೈ ಇಳಿಸಿ ಕೋಲು ಹಿಡಿದುಕೊಂಡ.

ಅಷ್ಟರಲ್ಲಿ ಸುಭದ್ರೆ ಒಳಗಿನಿಂದ ಬಂದಳು. ಅವಳಿಗೆ ಆ ತಾಯಿಯನ್ನು ಹೇಗೆ ಸಮಾಧಾನ ಮಾಡಬೇಕೋ ತಿಳಿಯದೆ, ತಾನು ಕಂಡದ್ದನ್ನು ಹೇಳಿದಳು.

“ಅಮ್ಮಾ, ನಾನು ನಿಮ್ಮ ಮಗನ್ನ ನೋಡಿದೆ. ಎದ್ದು ನಿಂತು ಮೂಟೆ ಕೆಳಗೆ ಹಾಕಿದ್ದು ಅವರೇ. ಹಾಕಿ, ನನಗೆ ಕೈ ಬೀಸಿದ್ರು.”

ಸಿದ್ದಮ್ಮ ಮೊದಲ ಸಲ ಬಾಯಿ ತೆರೆದಳು. “ಅವನ ಕೈ ಮುಟ್ಟಿದ್ದು ಇದೆಯಾ ತಾಯಿ? ಒಂದ್ಸಲ ತೋರಿಸ್ತೀಯಾ?”

ಸುಭದ್ರೆ ಗಂಟಿಗೆ ಸುತ್ತಿದ್ದ ಕಂಬಳಿ, ಹಗ್ಗ, ಸೀರೆ ಎಲ್ಲವನ್ನೂ ತಂದಳು. ಸಿದ್ದಮ್ಮ ಸೀರೆಯ ಕಡೆ ನೋಡಲಿಲ್ಲ. ಹಗ್ಗ ಎತ್ತಿಕೊಂಡು ಅದರ ಗಂಟುಗಳನ್ನು ಒಂದೊಂದಾಗಿ ಬೆರಳಿಂದ ಸವರಿದಳು. ಆ ಹಗ್ಗ ಬಿಗಿದವನು ವೆಂಕಟರಾಮನೇ ಹೊರತು ಬಸವರಾಜು ಅಲ್ಲ. ಅದನ್ನೂ ಅವನು ಹೇಳಲಿಲ್ಲ.

“ಅವತ್ತು ನಮ್ಮ ತೋಟದ ಮೇಲೆ ವಿಮಾನ ಹೋಗಿತ್ತು,” ಎಂದಳು ಸಿದ್ದಮ್ಮ. “ನಾನು ನೀರಿಗೆ ಹೊರಟಿದ್ದೆ. ಅವನೇ ಇರಬೇಕು ಅಂದ್ಕೊಂಡೆ. ಇದ್ದಿದ್ರೆ ಒಂದು ಸುತ್ತು ಹಾಕ್ತಿದ್ದ, ಅವನಲ್ಲ ಬಿಡು ಅಂತ ಒಳಗೆ ಹೋದೆ.”

ಅವರು ಹೊರಟರು. ಆಲ್ದೂರಿನ ಕಡೆಗೆ ಬಸ್ಸು ಸಂಜೆಗಿತ್ತು. ಲಕ್ಕಯ್ಯ ಎಲ್ಲರಿಗೂ ಕೈ ಮುಗಿದ. ವೆಂಕಟರಾಮನಿಗೂ ಮುಗಿದ.

ಅಪ್ಪ ಅಮ್ಮ ಒಳಗೆ ಹೋದ ಮೇಲೆ ಸುಭದ್ರೆ ಕಂಬಳಿ ಮಡಿಸುತ್ತ ಕೇಳಿದಳು: “ಅಣ್ಣ, ಇಷ್ಟು ದೊಡ್ಡ ಗಂಟಿಗೆ ಆ ವಿಮಾನದಲ್ಲಿ ಜಾಗ ಎಲ್ಲಿತ್ತು?”

ಅವಳು ಏನನ್ನೂ ಅನುಮಾನಿಸಿ ಕೇಳಿದ್ದಲ್ಲ. ಆದರೂ ವೆಂಕಟರಾಮನಿಗೆ ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ: ಗೂಡು, ಬೆಂಚು, ಕೊಳವೆಯಲ್ಲಿ ಬಂದ ಪ್ರಶ್ನೆ, ಅಧಿಕಾರಿಗೆ ಕೊಟ್ಟ ಉತ್ತರ. ಹೇಳುತ್ತ ಹೋದಂತೆ ಸುಭದ್ರೆ ಕಂಬಳಿಯನ್ನು ಮೆಲ್ಲಗೆ ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ.

“ಬಸ್ಸು ಇನ್ನೂ ಹೋಗಿರಲ್ಲ,” ಎಂದಳು.

ಕೋಲೂರಿಕೊಂಡು ಪೇಟೆ ಸೇರುವಷ್ಟರಲ್ಲಿ ಅವನು ಬೆವರಿದ್ದ. ದಾರಿಯುದ್ದಕ್ಕೂ ಜನ ನಮಸ್ಕಾರ ಮಾಡಿದರು. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನ ಒಲೆಗೆ ಗಾಳಿ ಹಾಕುತ್ತಿದ್ದರು. ಮರದ ಕೆಳಗೆ ಗಂಡ ಹೆಂಡತಿ ಕೂತಿದ್ದರು. ಅವನನ್ನು ಕಂಡು ಲಕ್ಕಯ್ಯ ಗಾಬರಿಯಿಂದ ಎದ್ದ.

“ಈ ಕಾಲಲ್ಲಿ ಯಾಕೆ ಬಂದ್ರಿ ಸ್ವಾಮಿ?”

“ಅವನು ಮರೆತಿರಲಿಲ್ಲ,” ಎಂದ ವೆಂಕಟರಾಮ. “ನಾನು ತೆಗೆದಿಡು ಅಂದೆ. ಆ ಗಂಟಿಗೆ ಜಾಗ ಬೇಕಿತ್ತು. ಅದಿಲ್ಲದೆ ಹೋಗದಾ ಅಂತ ಕೇಳಿದ. ನಾನು ಒಂದು ದಿನಕ್ಕೆ ಏನಾಗತ್ತೆ ಅಂದೆ.”

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನು ನಿಲ್ಲಿಸಲಿಲ್ಲ; ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. “ನಿಮ್ಮ ತೋಟದ ಮೇಲೆ ಒಂದು ಸುತ್ತು ಹಾಕಿ ಅಂದಿದ್ದ. ನಾನು ಹಾಕಲಿಲ್ಲ. ಬೆಂಕಿ ಬಿದ್ದಾಗ ಹಾರು ಅಂದೆ. ಸಾರ್, ನಾನು ಅಂತ ಕೇಳಿದ. ನಾನು ಹಾರಿಬಿಟ್ಟೆ. ಅಧಿಕಾರಿ ಕೇಳಿದಾಗ ಅವನೇ ಮರೆತ ಅಂದೆ.”

ಸಿದ್ದಮ್ಮ ಗಂಡನ ಕಡೆ ತಿರುಗಿದಳು. “ನಾನು ಹೇಳಿದ್ನಲ್ಲ. ಅವನು ಮರೆಯೋನಲ್ಲ ಅಂತ ಅವತ್ತೇ ಹೇಳಿದ್ನಲ್ಲ.” ಅಷ್ಟು ಹೇಳಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.

ಲಕ್ಕಯ್ಯ ಒಂದು ಹೆಜ್ಜೆ ಮುಂದಕ್ಕೆ ಬಂದ. ಹೊಡೆಯುತ್ತಾನೇನೋ ಎಂದು ವೆಂಕಟರಾಮ ಕಾದ. ಹೊಡೆದರೆ ಒಳ್ಳೆಯದೆಂದೂ ಅನಿಸಿತು. ಓಂಕಾರಮೂರ್ತಿ ಏನಾಯಿತೆಂದು ಹತ್ತಿರ ಬಂದವನು ಅಲ್ಲೇ ನಿಂತ.

“ಇದನ್ನ ದೊಡ್ಡ ಸಾಹೇಬ್ರಿಗೂ ಹೇಳ್ತೀರಾ?” ಎಂದ ಲಕ್ಕಯ್ಯ ಕೊನೆಗೆ.

“ಹೇಳ್ತೀನಿ.”

“ಮೊದಲು ಅಲ್ಲಿ ಹೇಳಿ. ನಮಗೆ ಹೇಳಿದ್ರೆ ನಿಮಗೆ ಹಗುರಾಗತ್ತೆ ಅಷ್ಟೇ. ಅವನ ಮೇಲಿರೋ ತಪ್ಪು ಹಂಗೇ ಇರತ್ತೆ.” ಅವನು ಹೆಂಡತಿಯನ್ನು ಎಬ್ಬಿಸಿ ಬಸ್ಸು ಹತ್ತಿಸಿದ. ಈ ಸಲ ಕೈ ಮುಗಿಯಲಿಲ್ಲ.

ಸುದ್ದಿ ಮನೆಗೆ ಅವನಿಗಿಂತ ಮೊದಲೇ ತಲುಪಿತ್ತು. ಸುಬ್ಬಯ್ಯ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದವರು ಮಗನನ್ನು ಕಂಡು ಎದ್ದು ಒಳಗೆ ಹೋದರು. ಕೃಷ್ಣಮ್ಮ ಮಾತ್ರ ಅಡುಗೆಮನೆಯಿಂದ, “ಸತ್ತವನು ಬರ್ತಿರಲಿಲ್ಲ. ಸುಮ್ಮನಿದ್ದಿದ್ರೆ ಆಗ್ತಿರಲಿಲ್ವಾ” ಎಂದಳು. ಊರಿನವರ ಮಾತೂ ಅದೇ ಆಯಿತು. ಅವನು ಮಾಡಿದ್ದಕ್ಕಿಂತ ಹೇಳಿದ್ದೇ ಅವರಿಗೆ ಹೆಚ್ಚು ಕಸಿವಿಸಿಯಾಗಿತ್ತು. ಹಾರ ಹಾಕಿದವರಿಗೆ ತಾವೂ ಮೋಸಹೋದೆವೆಂಬ ಸಿಟ್ಟು. ಮರುದಿನದಿಂದ ಅವನನ್ನು ನೋಡಲು ಯಾರೂ ಬರಲಿಲ್ಲ.

ಅವನು ಬೆಂಗಳೂರಿಗೆ ಹೋಗಿ ಅದೇ ಅಧಿಕಾರಿಯ ಮುಂದೆ ನಿಂತ. ಅಧಿಕಾರಿಗೆ ಇದು ಬೇಕಿರಲಿಲ್ಲ. “ವಿಚಾರಣೆ ಮುಗಿದಿದೆ. ಹಾರಿಸುವವರು ನನಗೆ ಬೇಕು. ಹೋಗಿ ಕೆಲಸ ನೋಡು,” ಎಂದ. ವೆಂಕಟರಾಮ ಹೋಗಲಿಲ್ಲ. ತಪ್ಪು ತನ್ನದೆಂದು ಬರೆದುಕೊಳ್ಳುವವರೆಗೆ ನಿಂತೇ ಇರುತ್ತೇನೆ ಎಂದ. ಅಧಿಕಾರಿಯ ಮುಖ ಬಿಗಿಯಿತು. ಮತ್ತೆ ವಿಚಾರಣೆಯಾಯಿತು. ತನ್ನ ಜೊತೆಯವರ ಎದುರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಅವರಲ್ಲಿ ಒಬ್ಬರೂ ಅವನ ಕಡೆ ನೋಡಲಿಲ್ಲ. ಬಸವರಾಜುವಿನ ಹೆಸರಿನ ಮೇಲಿದ್ದ ದೋಷ ತೆಗೆದರು. ವೆಂಕಟರಾಮನ ಎದೆಯ ಮೇಲಿನ ರೆಕ್ಕೆಯ ಚಿಹ್ನೆ ತೆಗೆಸಿ, ಅವನನ್ನು ಸೇವೆಯಿಂದ ಕಳಿಸಿಬಿಟ್ಟರು.

ಸುಭದ್ರೆಯ ಮದುವೆ ಅವನು ಊರಲ್ಲಿಲ್ಲದಾಗಲೇ ನಡೆದಿತ್ತು. ಅವಳು ತಾಯಿಯ ಹಳೆಯ ಧಾರೆ ಸೀರೆಯನ್ನೇ ಉಟ್ಟಿದ್ದಳಂತೆ.

ಕಳಸಕ್ಕೆ ಹೋಗುವ ಮೊದಲು ವೆಂಕಟರಾಮ ಆಲ್ದೂರಿನಲ್ಲಿ ಇಳಿದು, ರಾತ್ರಿ ಛತ್ರದಲ್ಲಿ ಕಳೆದು, ಬೆಳಿಗ್ಗೆ ಎಸ್ಟೇಟಿಗೆ ನಡೆದ. ಕಾಫಿ ಹೂ ಉದುರಿ ಕಾಯಿ ಕಚ್ಚಿತ್ತು. ಕಾಫಿ ಒಣಗಿಸುವ ಕಣದಲ್ಲಿ ಬೆಳಗಿನ ಹಾಜರಿಗೆ ಆಳುಗಳು ಸೇರಿದ್ದರು. ಲಕ್ಕಯ್ಯ ಅವರ ಮುಂದೆ ನಿಂತು ಆ ದಿನದ ಕೆಲಸ ಹಂಚುತ್ತಿದ್ದ. ವೆಂಕಟರಾಮ ಕಾದು ನಿಂತ. ಲಕ್ಕಯ್ಯ ಅವನನ್ನು ಕಂಡೂ ತನ್ನ ಮಾತು ಮುಗಿಸಿ ಬಂದ.

“ಹೇಳಿದೆ,” ಎಂದ ವೆಂಕಟರಾಮ. “ಅವನದು ತಪ್ಪಿಲ್ಲ ಅಂತ ಆಯ್ತು. ಇನ್ನು ಯಾರೂ ಹಾಗೆ ಹೇಳೋ ಹಾಗಿಲ್ಲ.”

“ಅಲ್ಲಿಯೋರು ಹೇಳಲ್ಲ.” ಲಕ್ಕಯ್ಯ ಕಣದ ಕಡೆ ನೋಡಿದ. “ಇಲ್ಲಿಯೋರು ಹೇಳ್ತಾರೆ. ನಾನು ಹೇಳಿದ್ರೆ ಅಪ್ಪ, ಮಗನ ಕಡೆ ಮಾತಾಡ್ತಾನೆ ಅಂತಾರೆ. ನೀವೇ ಹೇಳಿ.”

ವೆಂಕಟರಾಮ ಕಣದ ಮೆಟ್ಟಿಲ ಮೇಲೆ ನಿಂತ. ಬುಟ್ಟಿ, ಗುದ್ದಲಿ, ಕತ್ತಿ ಹಿಡಿದ ಜನ ಅವನ ಕಡೆ ತಿರುಗಿದರು. ಬಸವರಾಜುವನ್ನು ಎತ್ತಿ ಆಡಿಸಿದವರು ಅವರಲ್ಲಿದ್ದರು, ಅವನ ಜೊತೆ ಬೆಳೆದವರೂ ಇದ್ದರು. ಸಿದ್ದಮ್ಮ ಕೊನೆಯಲ್ಲಿ, ಗೋಡೆಯ ಪಕ್ಕ ನಿಂತಿದ್ದಳು. ಅವನು ಹೇಳಿದ. ಪ್ರತಿ ಮಾತಿಗೂ ದನಿ ಕುಗ್ಗುತ್ತಿತ್ತು.

ಮುಂದಿದ್ದ ಜವರಮ್ಮ ಎಂಬ ಮುದುಕಿ ಕೇಳಿದಳು: “ಹಂಗಾರೆ ಹುಡುಗಂದು ಏನೂ ತಪ್ಪಿಲ್ಲ?”

“ಇಲ್ಲ.”

“ಜೋರಾಗಿ ಹೇಳಿ ಸ್ವಾಮಿ. ಹಿಂದಿನೋರಿಗೆ ಕೇಳಿಲ್ಲ.”

ವೆಂಕಟರಾಮ ಲಕ್ಕಯ್ಯನ ಕಡೆ ನೋಡಿದ. ಲಕ್ಕಯ್ಯ ನೆಲ ನೋಡುತ್ತಿದ್ದ. ವೆಂಕಟರಾಮ ಮತ್ತೆ ಮೊದಲಿನಿಂದ, ಕಣದ ಆಚೆಯ ಗೋಡೆಯವರೆಗೂ ಕೇಳುವಂತೆ, ಹೇಳತೊಡಗಿದ. ಈ ಸಲ ಅವನು ಎಲ್ಲೂ ದನಿ ತಗ್ಗಿಸಲಿಲ್ಲ.

ಆಮೇಲೆ ಲಕ್ಕಯ್ಯ, “ಹೊರಡಿ, ಬಿಸಿಲೇರ್ತಿದೆ,” ಎಂದ. ಆಳುಗಳು ಸಾಲಾಗಿ ಹೊರಟರು. ವೆಂಕಟರಾಮ ಮೆಟ್ಟಿಲಿಳಿದು ದಾರಿಯ ಪಕ್ಕಕ್ಕೆ ಸರಿದು ನಿಂತ. ಅವರು ಒಬ್ಬೊಬ್ಬರಾಗಿ ಅವನ ಮುಖ ನೋಡಿಕೊಂಡೇ ತೋಟದೊಳಗೆ ಹೋದರು.